ಕಡಲೆಬೀಜದಷ್ಟು ಜೆಟ್ಟಿಗೆ ತುಮಕೂರಿನ ತನಕ ಓಡಬೇಕೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಊರಿನ ಮೆಕ್ಯಾನಿಕ್ ಅಂಗಡಿ ಮುಂದೆ ನಿಂತರೂ ಗೋಡೆಗೆ ಒರಗಿಸಿದ ಎರಡು ಮೂರು ಬೈಕು ಕಾಣುತ್ತವೆ. ಎಂಜಿನ್ ಚೆನ್ನಾಗಿದೆ, ಟೈರು ಚೆನ್ನಾಗಿದೆ, ಚೈನು ಹೊಸದು. ಕಾರ್ಬೊರೇಟರ್ ಮಾತ್ರ ಬಿಚ್ಚಿ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದಾರೆ. ಯಾಕಪ್ಪಾ ಗಾಡಿ ನಿಂತಿದೆ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: "ಸಾಮಾನು ಸಿಕ್ಕಿಲ್ಲ ಸಾರ್."

ಯಾವ ಸಾಮಾನು? ಕಡಲೆಬೀಜದಷ್ಟು ಹಿತ್ತಾಳೆ ಜೆಟ್. ಇಲ್ಲವೇ ಬಳೆಯ ಚೂರಿನಷ್ಟು ರಬ್ಬರ್ ಓ-ರಿಂಗ್. ಬೆಲೆ ಹೇಳಿದರೆ ಎರಡು ಕಾಫಿ ದುಡ್ಡಿಗೋ ಒಂದು ಊಟದ ದುಡ್ಡಿಗೋ ಬರುವ ವಸ್ತು. ಅದಿಲ್ಲದೆ ಒಬ್ಬ ದುಡಿಯುವ ಮನುಷ್ಯನ ಗಾಡಿ ವಾರಗಟ್ಟಲೆ ನಿಲ್ಲುತ್ತದೆ.

ಬೈಕು ಅಂದರೆ ಶೋಕಿ ಎಂದು ತಿಳಿಯುವವರು ನಮ್ಮ ಕಡೆಯ ರಸ್ತೆಗಳನ್ನು ಬೆಳಗಿನ ಜಾವ ನೋಡಿಲ್ಲ. ಡೇರಿಗೆ ಹೋಗುವ ಹಾಲಿನ ಕ್ಯಾನು, ಮಾರುಕಟ್ಟೆಗೆ ಹೋಗುವ ಹೂವಿನ ಮೂಟೆ, ವೈ.ಎನ್. ಹೊಸಕೋಟೆ ನೇಕಾರರ ಸೀರೆ ಗಂಟು, ಗೊರವನಹಳ್ಳಿ ಮಹಾಲಕ್ಷ್ಮಿ ಗುಡಿಯ ಮುಂದಿನ ಶುಕ್ರವಾರದ ಹಣ್ಣುಕಾಯಿ ವ್ಯಾಪಾರ, ಕಡಲೆಕಾಯಿ ಹೊಲಕ್ಕೆ ಒಯ್ಯುವ ಗೊಬ್ಬರ – ಇಷ್ಟೂ ಸಾಗುವುದು ಹಳೇ ಟಿವಿಎಸ್ ಮೊಪೆಡ್ಡು, ಹಳೇ ಸ್ಪ್ಲೆಂಡರ್, ಹಳೇ ಪ್ಲಾಟಿನಾಗಳ ಬೆನ್ನ ಮೇಲೆ. ಗಾಡಿ ನಿಂತರೆ ಅವತ್ತಿನ ಸಂಪಾದನೆಯೂ ನಿಂತಿತು. ಆದುದರಿಂದ ಜೆಟ್ಟಿನ ವಿಚಾರ ಮೆಕ್ಯಾನಿಕ್ಕಿನ ತಲೆನೋವು ಮಾತ್ರ ಅಲ್ಲ, ಊರಿನ ವ್ಯಾಪಾರದ ವಿಚಾರ.

ಒಳಗಿರುವುದು ಏನು?

ಕಾರ್ಬೊರೇಟರ್ ಎಂಬುದು ದೊಡ್ಡ ಮಾಯಾಮಂತ್ರದ ಯಂತ್ರವೇನಲ್ಲ. ಮನೆಯ ನೀರಿನ ಟ್ಯಾಂಕಿನಲ್ಲಿ ತೇಲುವ ಬಾಲ್ ವಾಲ್ವ್ ಇರುತ್ತದಲ್ಲ, ಅದೇ ಲೆಕ್ಕ. ಕೆಳಗಿನ ಬಟ್ಟಲಿನಲ್ಲಿ ಪೆಟ್ರೋಲು ತುಂಬಿದಾಗ ಫ್ಲೋಟ್ ಮೇಲೇಳುತ್ತದೆ. ಅದು ಒಂದು ಪುಟ್ಟ ನೀಡಲ್ಲನ್ನು ಒತ್ತಿ ಪೆಟ್ರೋಲಿನ ದಾರಿ ಮುಚ್ಚುತ್ತದೆ. ಎಂಜಿನ್ ಗಾಳಿ ಎಳೆದಾಗ, ಆ ಗಾಳಿ ಇಕ್ಕಟ್ಟಾದ ಗಂಟಲಿನಲ್ಲಿ ನುಗ್ಗುವ ರಭಸಕ್ಕೆ ಬಟ್ಟಲಿನ ಪೆಟ್ರೋಲು ಜೆಟ್ಟಿನ ತೂತಿನಿಂದ ಮೇಲೆದ್ದು ಹನಿಹನಿಯಾಗಿ ಗಾಳಿಯ ಜೊತೆ ಬೆರೆಯುತ್ತದೆ. ಗಾಡಿ ಸುಮ್ಮನೆ ನಿಂತು ಉರಿಯುವಾಗ ಪೈಲಟ್ ಜೆಟ್ಟಿನ ಕೆಲಸ, ಆಕ್ಸಿಲೇಟರ್ ತಿರುವಿದಾಗ ಮೇನ್ ಜೆಟ್ಟಿನ ಕೆಲಸ.

ಇಲ್ಲಿ ಇರುವುದೆಲ್ಲ ಅಳತೆ. ಹಿತ್ತಾಳೆ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರೆ ಮೇಲೆ ಒಂದು ನಂಬರು ಇರುತ್ತದೆ. ನಂಬರು ಹೆಚ್ಚಾದರೆ ಪೆಟ್ರೋಲು ಹೆಚ್ಚು, ಕಡಿಮೆಯಾದರೆ ಕಡಿಮೆ. ಹೀರೋ ಹೋಂಡಾ ಜಾತಿಯ ಬೈಕುಗಳಲ್ಲಿ ಹೆಚ್ಚಾಗಿ ಕಾಣುವುದು ಕೇಹಿನ್ ಮಾದರಿಯ ಕಾರ್ಬೊರೇಟರ್. ಯಮಹಾ ಆರ್‌ಎಕ್ಸ್ 100, ಸುಜುಕಿ ಜಾತಿಯವಕ್ಕೆ ಮಿಕುನಿ ಮಾದರಿಯದು. ಎರಡೂ ಜಪಾನಿನ ಹೆಸರುಗಳೇ. ಆದರೆ ನಂಬರು ಹಾಕುವ ಪದ್ಧತಿ ಬೇರೆ ಬೇರೆ, ಒಂದರ 95 ಇನ್ನೊಂದರ 95ಕ್ಕೆ ಸಮ ಅಲ್ಲ. ಹೀಗಾಗಿ "ಯಾವುದೋ ಒಂದು ಜೆಟ್ ಕೊಡಪ್ಪ" ಎಂದರೆ ನಡೆಯುವುದಿಲ್ಲ. ಆ ಗಾಡಿಯದೇ ಜೆಟ್ ಬೇಕು.

ಸವೆಯುವುದು ಕೂಡ ಇವೇ ಸಣ್ಣ ವಸ್ತುಗಳು. ನೀಡಲ್ಲಿನ ತುದಿ ಸವೆದರೆ ಓವರ್‌ಫ್ಲೋ. ಬಟ್ಟಲಿನ ಗ್ಯಾಸ್ಕೆಟ್ ಒಣಗಿ ಬಿರುಕು ಬಿಟ್ಟರೆ ಪೆಟ್ರೋಲು ಸೋರಿಕೆ. ಓ-ರಿಂಗ್ ಗಟ್ಟಿಯಾದರೆ ಕಳ್ಳಗಾಳಿ ಒಳಗೆ ನುಗ್ಗಿ ಗಾಡಿ ನಿಂತಲ್ಲೇ ರೇಸ್ ಆಗುತ್ತದೆ. ಉಳಿದಂತೆ ಕಾರ್ಬೊರೇಟರಿನ ಮೈ ಇಪ್ಪತ್ತು ಮೂವತ್ತು ವರ್ಷ ಬಾಳುವಂಥ ಎರಕ. ಹತ್ತಾರು ರೂಪಾಯಿ ಸಾಮಾನು ಬದಲಾಯಿಸಿದರೆ ಸಾಕು, ಮತ್ತೆ ಹೊಸದರಂತೆ ದುಡಿಯುತ್ತದೆ.

ಯಾಕೆ ಸಿಗುತ್ತಿಲ್ಲ?

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಜಾರಿಗೆ ಬಂತು. ಹೊಗೆ ಕಡಿಮೆ ಮಾಡುವ ಆ ನಿಯಮದಿಂದಾಗಿ ಬಹುಪಾಲು ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಗಾಳಿ ಶುದ್ಧವಾಗಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅದಕ್ಕೆ ಮುಂಚೆ ಮಾರಿದ ಗಾಡಿಗಳು ಎಲ್ಲಿ ಹೋದವು? ಅವು ಇಲ್ಲೇ ಇವೆ. 2020ರ ಆರಂಭದಲ್ಲಿ ನೋಂದಣಿಯಾದ ಬೈಕಿನ ಆರ್.ಸಿ. 15 ವರ್ಷ, ಅಂದರೆ 2035ರ ತನಕ ಚಾಲ್ತಿ. ಆಮೇಲೂ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಸರ್ಕಾರ ಲೈಫ್ ಟ್ಯಾಕ್ಸನ್ನು ಮೊದಲೇ ವಸೂಲು ಮಾಡಿಕೊಂಡಿದೆ. ಕಾನೂನಿನ ಲೆಕ್ಕದಲ್ಲಿ ಗಾಡಿಗೆ ಇನ್ನೂ ಆಯುಸ್ಸಿದೆ, ಅಂಗಡಿಯ ಲೆಕ್ಕದಲ್ಲಿ ಅದು ಆಗಲೇ ತೀರಿಕೊಂಡಿದೆ!

ಶೋರೂಮಿಗೆ ಹೋದರೆ ಹೊಸ ಮಾಡೆಲ್ಲಿನ ಸಾಮಾನು ಮುಂದಿರುತ್ತದೆ. ಹಳೆಯದಕ್ಕೆ ಆರ್ಡರ್ ಹಾಕಬೇಕು, ಯಾವಾಗ ಬರುತ್ತೋ ಹೇಳಲಾಗದು. ಬಿಡಿಭಾಗದ ಅಂಗಡಿಗೆ ಹೋದರೆ ಇನ್ನೊಂದು ಮಾತು: "ಜೆಟ್ ಒಂದೇ ಬರಲ್ಲ ಸ್ವಾಮಿ, ಫುಲ್ ಕಾರ್ಬೊರೇಟರ್ ತಗೊಳ್ಳಿ." ಬಿಡಿ ಸಾಮಾನಿನ ಬದಲು ಕಿಟ್ಟು, ಕಿಟ್ಟಿನ ಬದಲು ಇಡೀ ಸೆಟ್ಟು ಎಂಬ ಪದ್ಧತಿ ಬೆಳೆಯುತ್ತಿದೆ. ನೆಗಡಿ ಬಂದರೆ ಮೂಗು ಕೊಯ್ಯಿಸಿಕೋ ಎಂದ ಹಾಗಾಯಿತು. ಇಡೀ ಸೆಟ್ಟಿಗೆ ಸಾವಿರದ ಲೆಕ್ಕ. ಹಳೇ ಮೊಪೆಡ್ಡಿನ ಮಾಲೀಕನಿಗೆ ಮೂಗಿಗಿಂತ ಮೂಗುತಿ ಭಾರ.

ಇಲ್ಲಿ ಅಂಗಡಿಯವರನ್ನೇ ಬಯ್ಯುವುದು ಸುಲಭ, ನ್ಯಾಯ ಅಲ್ಲ. ಒಂದೊಂದು ಮಾಡೆಲ್ಲಿಗೂ ಬೇರೆ ಬೇರೆ ಜೆಟ್, ಬೇರೆ ಬೇರೆ ಗ್ಯಾಸ್ಕೆಟ್. ತಿಂಗಳಿಗೆ ಒಂದು ಹೋಗುತ್ತೋ ಇಲ್ಲವೋ. ದುಡ್ಡು ಹಾಕಿ ತಂದ ಮಾಲು ಡ್ರಾಯರಿನಲ್ಲಿ ಕೂತರೆ ಬಡ್ಡಿ ಯಾರು ಕಟ್ಟುವುದು? ಜೆಟ್ ಮಾರಿ ಸಿಗುವ ಲಾಭ ಐದೋ ಹತ್ತೋ. ಅದೇ ಹೊತ್ತಿನಲ್ಲಿ ಒಂದು ಆಯಿಲ್ ಡಬ್ಬ ಮಾರಿದರೆ ಅದಕ್ಕಿಂತ ಜಾಸ್ತಿ. ಹೀಗಾಗಿ ಹಿಂದೆ ಸಣ್ಣ ಸಣ್ಣ ಡ್ರಾಯರುಗಳಲ್ಲಿ ಸ್ಕ್ರೂ, ಸ್ಪ್ರಿಂಗ್, ವಾಷರ್ ವಿಂಗಡಿಸಿ ಇಡುತ್ತಿದ್ದ ಹಳೇ ತಲೆಯ ಅಂಗಡಿಗಳು ಒಂದೊಂದಾಗಿ ಕಡಿಮೆಯಾಗುತ್ತಿವೆ.

ಕೊನೆಗೆ ಜನರ ಪಾಡು? ಮಧುಗಿರಿಯಿಂದ ತುಮಕೂರು 40 ಕಿ.ಮೀ.ಗೂ ಹೆಚ್ಚು. ಪಾವಗಡದಿಂದ ಸುಮಾರು 100. ಪಾವಗಡದ ಕಡೆಯವರಿಗೆ ಆಂಧ್ರದ ಹಿಂದೂಪುರವೇ ವಾಸಿ. ಅಲ್ಲೂ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯವೇ ಗತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಬೈಕಿನ ಸಾಮಾನು ತರುವ ಕೆಲಸವೂ ಅವರ ತಲೆಗೆ ಬಿದ್ದಿದೆ ಎಂದರೆ ನಗಬೇಡಿ. ತುಮಕೂರಿಗೆ ಹೊರಟವರ ಕೈಗೆ ಬೆಂಕಿಪೊಟ್ಟಣದಲ್ಲಿ ಹಳೇ ಜೆಟ್ ಹಾಕಿ "ಇದೇ ತರದ್ದು ತಗೊಂಡು ಬಾ ಅಕ್ಕ" ಎನ್ನುವ ತಮ್ಮಂದಿರು ಇದ್ದಾರೆ. ಅಕ್ಕ ಬಿಸಿಲಲ್ಲಿ ನಾಲ್ಕು ಅಂಗಡಿ ಸುತ್ತಿ ತಂದದ್ದು ಒಂದು ನಂಬರು ಹೆಚ್ಚುಕಮ್ಮಿಯಾದರೆ ನಾಳೆ ಮತ್ತೆ ಬಸ್ಸು. ಜೆಟ್ಟಿಗಿಂತ ಓಡಾಟದ ಖರ್ಚೇ ದೊಡ್ಡದು.

ಮೈಸೂರು ಕಲಿಸಿದ ಪಾಠ

ಇಂಥ ಸಂಕಟ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಚೆಕೊಸ್ಲೊವಾಕಿಯದ ಸಹಯೋಗದಲ್ಲಿ 1961ರಿಂದ ಅಲ್ಲಿ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ತಯಾರಾದವು. ಆ ಗಾಡಿಗಳಿಗೆ ಯಿಕೊವ್ ಎಂಬ ಚೆಕ್ ಮಾದರಿಯ ಕಾರ್ಬೊರೇಟರ್. ಒಂದು ಕಾಲಕ್ಕೆ ನಮ್ಮ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲೂ ಅದರ ಡುಗುಡುಗು ಸದ್ದು ಕೇಳುತ್ತಿತ್ತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಸಾಮಾನು ಕೊಡುವ ತಾಯಿಮನೆಯೇ ಇಲ್ಲವಾಯಿತು.

ಆದರೂ ಆ ಬೈಕುಗಳು ಸಾಯಲಿಲ್ಲ. ಇವತ್ತಿಗೂ ಓಡುತ್ತಿವೆ. ಕಾರಣ ಏನು? ಹಳೇ ಮೆಕ್ಯಾನಿಕ್ಕುಗಳು ಬಿಡಿಭಾಗ ಕೂಡಿಟ್ಟರು, ಸಣ್ಣ ವರ್ಕ್‌ಶಾಪಿನವರು ಲೇತಿನಲ್ಲಿ ಕಡೆದು ಕೊಟ್ಟರು, ಪ್ರೀತಿಯಿಟ್ಟ ಮಾಲೀಕರು ಒಬ್ಬರಿಗೊಬ್ಬರು ಸಾಮಾನು ಹಂಚಿಕೊಂಡರು. ಮನಸ್ಸಿದ್ದರೆ ಕಂಪನಿ ಮುಚ್ಚಿದ ಮೇಲೂ ಗಾಡಿ ಉಳಿಸಬಹುದು ಎಂಬುದು ಮೈಸೂರಿನ ಮೊದಲ ಪಾಠ.

ಎರಡನೇ ಪಾಠ ಸ್ವಲ್ಪ ಕಹಿ. ಜಾವಾ, ಯೆಜ್ಡಿ, ಆರ್‌ಎಕ್ಸ್ 100 ಈಗ ಶೋಕಿಯ ಗಾಡಿಗಳಾಗಿವೆ. ಅವುಗಳ ಮಾಲೀಕರು ಒಂದು ಜೆಟ್ಟಿಗೆ ಕೇಳಿದಷ್ಟು ಕೊಡಲು ತಯಾರು, ಹೀಗಾಗಿ ಮಾಡಿಕೊಡುವವರೂ ಇದ್ದಾರೆ. ಹಾಲು ಹೊರುವ ಮೊಪೆಡ್ಡಿಗೆ ಅಭಿಮಾನಿಗಳ ಸಂಘ ಇಲ್ಲ. ಅದರ ಮೇಲೆ ಯಾರೂ ಸಿನಿಮಾ ಹಾಡು ಚಿತ್ರೀಕರಿಸುವುದಿಲ್ಲ. ಶೋಕಿದಾರನಿಗೆ ಸಿಗುವ ಸಾಮಾನು ದುಡಿಯುವವನಿಗೆ ಸಿಗದೆ ಹೋಗುವುದು ಯಾವ ನ್ಯಾಯ?

ಬಂಕಿನ ಪೆಟ್ರೋಲು, ಡೆಲ್ಲಿಯ ಮಾತು

ಈ ಪ್ರಶ್ನೆಯನ್ನು ಈಗಲೇ ಎತ್ತಲು ಒಂದು ಗಟ್ಟಿ ಕಾರಣವಿದೆ. ಪೆಟ್ರೋಲು ಬದಲಾಗಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿಯವರು ಇ-20 ಪೆಟ್ರೋಲಿಗೆ ಚಾಲನೆ ಕೊಟ್ಟರು. ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು ಅದು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು 2025ರಲ್ಲೇ ಮುಟ್ಟಿದ್ದಾರೆ. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತನಿಗೆ ಅದರಿಂದ ಅನುಕೂಲ, ವಿದೇಶಕ್ಕೆ ಹೋಗುವ ದುಡ್ಡೂ ಉಳಿತಾಯ. ಒಪ್ಪೋಣ.

ಆದರೆ ಎಥನಾಲಿಗೆ ಎರಡು ಗುಣವಿದೆ. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹಳೇ ಜಾತಿಯ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ, ಕ್ರಮೇಣ ಬಿರುಕು ಬಿಡಿಸುತ್ತದೆ. ಹದಿನೈದು ದಿನ ಗಾಡಿ ನಿಲ್ಲಿಸಿದರೆ ಬಟ್ಟಲಿನ ತಳದಲ್ಲಿ ಅಂಟು, ಬಿಳಿಪುಡಿ ಕೂತು ಪೈಲಟ್ ಜೆಟ್ ಕಟ್ಟಿಕೊಳ್ಳಬಹುದು. 2023ರ ಏಪ್ರಿಲ್ಲಿನಿಂದ ಈಚೆಗೆ ತಯಾರಾದ ಗಾಡಿಗಳ ರಬ್ಬರು, ಪ್ಲಾಸ್ಟಿಕ್ಕುಗಳನ್ನು ಇ-20 ತಡೆಯುವಂತೆ ಮಾಡಿದ್ದಾರೆ. ಅದಕ್ಕೂ ಹಳೆಯವು? ಹಳೇ ದ್ವಿಚಕ್ರ ವಾಹನಗಳ ಮೈಲೇಜು ನೂರಕ್ಕೆ 3ರಿಂದ 4ರಷ್ಟು ತಗ್ಗಬಹುದು ಎಂದು 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ವರದಿಯೇ ಹೇಳಿತ್ತು.

2025ರ ಆಗಸ್ಟಿನಲ್ಲಿ ದೇಶದಾದ್ಯಂತ ಗಲಾಟೆ ಎದ್ದಾಗ ಕೇಂದ್ರದ ಪೆಟ್ರೋಲಿಯಂ ಸಚಿವಾಲಯ ಸಮಜಾಯಿಷಿ ಕೊಟ್ಟಿತು. ಕೆಲವು ಹಳೇ ವಾಹನಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು, ಅದು ಅಗ್ಗದ ಕೆಲಸ, ಮಾಮೂಲಿ ಸರ್ವಿಸಿನಲ್ಲೇ ಸುಲಭವಾಗಿ ಆಗುತ್ತದೆ ಎಂಬುದು ಅದರ ತಾತ್ಪರ್ಯ. ಮಾತು ಸರಿ. ಅಗ್ಗ ಹೌದು, ಸುಲಭ ಹೌದು – ಸಾಮಾನು ಸಿಕ್ಕಿದರೆ! ಡೆಲ್ಲಿಯಲ್ಲಿ ಸುಲಭವಾದದ್ದು ಮಿಡಿಗೇಶಿಯಲ್ಲಿ, ತೋವಿನಕೆರೆಯಲ್ಲಿ ಸುಲಭವೇ? ಮೊದಲು ಸಾಮಾನು ಕೊಡಿಸಿ, ಆಮೇಲೆ ಸುಲಭ ಅನ್ನಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆ ಇದಕ್ಕೇ ಹುಟ್ಟಿದ ಹಾಗಿದೆ.

ಕೈಗೆ ಸಿಕ್ಕಿದ್ದು ಹಾಕಿದರೆ

ಸರಿಯಾದ ಸಾಮಾನು ಸಿಗದಿದ್ದಾಗ ಜನ ಸುಮ್ಮನೆ ಕೂರುವುದಿಲ್ಲ. ಕಟ್ಟಿಕೊಂಡ ಜೆಟ್ಟಿಗೆ ಕ್ಲಚ್ ಕೇಬಲ್ಲಿನ ಎಳೆ ತೂರಿಸುತ್ತಾರೆ. ಹಿತ್ತಾಳೆ ಮೆತ್ತನೆ ಲೋಹ, ಉಕ್ಕಿನ ಎಳೆ ಗೀರಿದರೆ ತೂತು ಅಗಲವಾಗುತ್ತದೆ. ಜೆಟ್ ಶುಚಿಯಾಯಿತು ಅಂತ ಖುಷಿಪಟ್ಟರೆ ಮಾರನೇ ದಿನದಿಂದ ಪೆಟ್ರೋಲು ಕುಡಿಯುವುದು ಜಾಸ್ತಿ. ಓ-ರಿಂಗ್ ಬದಲು ಸೈಕಲ್ ಟ್ಯೂಬು ಕತ್ತರಿಸಿ ಹಾಕುತ್ತಾರೆ. ಆ ರಬ್ಬರು ಪೆಟ್ರೋಲಿನಲ್ಲಿ ಬಲುಬೇಗ ಉಬ್ಬಿ ಹಾಳಾಗುತ್ತದೆ. ಗ್ಯಾಸ್ಕೆಟ್ ಬದಲು ಪೇಸ್ಟ್ ಬಳಿಯುತ್ತಾರೆ. ಅದರ ಚೂರು ಎದ್ದು ಹೋಗಿ ಮತ್ತೆ ಜೆಟ್ಟಿನಲ್ಲೇ ಕೂರುತ್ತದೆ.

ಇದು ಬರೀ ಮೈಲೇಜಿನ ಪ್ರಶ್ನೆ ಅಲ್ಲ. ಓವರ್‌ಫ್ಲೋ ಆದ ಪೆಟ್ರೋಲು ಬಿಸಿ ಎಂಜಿನ್ನಿನ ಪಕ್ಕ ತೊಟ್ಟಿಕ್ಕಿದರೆ ಒಂದು ಕಿಡಿ ಸಾಕು. ಟೂ-ಸ್ಟ್ರೋಕ್ ಗಾಡಿಗೆ ಪೆಟ್ರೋಲು ಸಾಲದೆ ಬಂದರೆ ಆಯಿಲ್ಲೂ ಸಾಲದು, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಶಿರಾ ಹತ್ತಿರ ಹೆದ್ದಾರಿಯಲ್ಲಿ ಹಿಂದೆ ಲಾರಿ ಬರುತ್ತಿರುವಾಗ ರಾತ್ರಿ ಹೊತ್ತು ಗಾಡಿ ಮಿಸ್ಸಿಂಗ್ ಹೊಡೆದು ನಿಂತರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಹತ್ತು ರೂಪಾಯಿ ರಬ್ಬರಿಗೆ ಒಂದು ಜೀವ ಬೆಲೆಯಾಗಬಾರದು.

ಆಗಬೇಕಾದ್ದು ಇಷ್ಟು

ಮೊದಲನೆಯದಾಗಿ, ಗಾಡಿ ಮಾರಿದ ಕಂಪನಿಗಳು. ಜೆಟ್, ನೀಡಲ್, ಓ-ರಿಂಗ್, ಗ್ಯಾಸ್ಕೆಟ್ – ಈ ನಾಲ್ಕನ್ನಾದರೂ ಬಿಡಿಬಿಡಿಯಾಗಿ, ಪಾರ್ಟ್ ನಂಬರಿನ ಸಮೇತ, ಗಾಡಿಯ ಆರ್.ಸಿ. ಬಾಳುವಷ್ಟು ವರ್ಷ ಸರಬರಾಜು ಮಾಡಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಮೋಟಾರು ವಾಹನಗಳನ್ನೂ ಅದರೊಳಗೆ ಸೇರಿಸಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲನ್ನೂ ತೆರೆಯಿತು. ಪೋರ್ಟಲಿನಲ್ಲಿ ಮಾಹಿತಿ ಓದಿದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಸಾಮಾನು ಇಡಲೇಬೇಕು ಎಂಬ ಕಡ್ಡಾಯ ಬೇಕು. ಇ-20 ತಂದ ಸರ್ಕಾರವೇ ಅದಕ್ಕೆ ತಕ್ಕ ರಬ್ಬರ್ ಕಿಟ್ಟನ್ನು ಹಳೇ ಮಾಡೆಲ್ಲುಗಳಿಗೂ ಕೊಡಿ ಎಂದು ಕಂಪನಿಗಳಿಗೆ ತಾಕೀತು ಮಾಡುವುದು ನ್ಯಾಯ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಮಾತಿದೆ. ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಷರತ್ತು ಹಾಕುವುದು ನಿರ್ಬಂಧಿತ ವ್ಯಾಪಾರ ಪದ್ಧತಿ. ಜೆಟ್ ಕೇಳಿದವನಿಗೆ ಇಡೀ ಸೆಟ್ಟು ಕೊಳ್ಳು ಎನ್ನುವುದು ಈ ಮಾತಿಗೆ ಒಳಪಡುತ್ತದೆಯೇ? ನಮ್ಮ ವಕೀಲರು, ಗ್ರಾಹಕ ಸಂಘದವರು ತಲೆಕೆಡಿಸಿಕೊಳ್ಳಬೇಕಾದ ಪ್ರಶ್ನೆ. ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಎಂದು ಅದೇ ಕಾಯ್ದೆ ಹೇಳುತ್ತದೆ. ಸಾಮಾನು ಚಿಕ್ಕದಾದರೂ ಬಿಲ್ಲು ಕೇಳಿ ತಗೊಳ್ಳಿ. ನಕಲಿ ಮಾಲು ಬಂದರೆ ಹಿಡಿದು ಕೇಳಲು ಅದೇ ಆಧಾರ.

ಎರಡನೆಯದಾಗಿ, ನಮ್ಮ ಬಿಡಿಭಾಗ ವ್ಯಾಪಾರಿಗಳು. ಒಬ್ಬರೇ ಎಲ್ಲ ಇಡಲಾಗದು ನಿಜ. ಹಂಚಿಕೊಂಡು ಇಡಲಾಗದೆ? ನಾಲ್ಕು ತಾಲ್ಲೂಕಿನವರು ಮಾತಾಡಿಕೊಂಡು, ಒಂದೂರಿನವರು ಹೀರೋ ಹೋಂಡಾದ್ದು, ಒಂದೂರಿನವರು ಟಿವಿಎಸ್‌ದು, ಮತ್ತೊಂದೂರಿನವರು ಬಜಾಜ್‌ದು, ಯಮಹಾದ್ದು ಎಂದು ಪಾಲು ಮಾಡಿಕೊಳ್ಳಲಿ. ಗೋಡೆಗೆ ಒಂದು ಪಟ್ಟಿ ತೂಗುಹಾಕಲಿ. ಗಿರಾಕಿ ಬಂದರೆ ಫೋನು ಮಾಡಿ ಸಂಜೆ ಬಸ್ಸಿಗೆ ತರಿಸಿಕೊಡಬಹುದು. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಪಾರ್ಸಲ್ ಕಳಿಸುವ ಏರ್ಪಾಡು ಇದ್ದೇ ಇದೆ. ಜನ ಬಸ್ಸಿನಲ್ಲಿ ಜೆಟ್ಟಿನ ಹಿಂದೆ ಹೋಗುವ ಬದಲು ಜೆಟ್ಟೇ ಬಸ್ಸಿನಲ್ಲಿ ಜನರ ಹತ್ತಿರ ಬರಲಿ. 2025ರ ಸೆಪ್ಟೆಂಬರ್ 22ರಿಂದ ಮೋಟಾರು ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹೂಡುವ ಬಂಡವಾಳವೂ ಅಷ್ಟರಮಟ್ಟಿಗೆ ಹಗುರ. ಇವತ್ತು ಜೆಟ್ಟಿನಲ್ಲಿ ಐದು ರೂಪಾಯಿ ಮಾತ್ರ ಸಿಗಬಹುದು, ಆದರೆ ಜೆಟ್ ಸಿಕ್ಕ ಗಿರಾಕಿ ನಾಳೆ ಟೈರಿಗೂ ಅದೇ ಅಂಗಡಿಗೆ ಬರುತ್ತಾನೆ ಎಂಬುದು ವ್ಯಾಪಾರಸ್ಥರಿಗೆ ನಾವು ಹೇಳಿಕೊಡಬೇಕಾದ ಪಾಠವಲ್ಲ.

ಮೂರನೆಯದಾಗಿ, ಸ್ಥಳೀಯ ತಯಾರಿಕೆ. ತುಮಕೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಒಪ್ಪಿಗೆ ಕೊಡುವ ಹೊತ್ತಿಗೆ ಅದರ ವೈಭವ ಮುಗಿದಿತ್ತು. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸಾಮಾನಿನ ಜೊತೆ ಕೆಲಸ ಮಾಡಿದ ಕೈಗಳು ಈ ಜಿಲ್ಲೆಯವು. ಜೆಟ್ಟಿಗೆ ಬೇಕಾದ ನಿಖರತೆ ನಮಗೆ ಎಟುಕದ ವಿದ್ಯೆಯೇನಲ್ಲ. ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶವಿದೆ, ಐಟಿಐ ಕಲಿತು ಕೆಲಸ ಹುಡುಕುವ ಹುಡುಗರಿದ್ದಾರೆ. ಹಿತ್ತಾಳೆ ಸರಳು, ಒಳ್ಳೇ ಲೇತು, ಅಳತೆ ತಪ್ಪದ ಡ್ರಿಲ್ಲು, ಎಥನಾಲ್ ತಡೆಯುವ ರಬ್ಬರು – ಇಷ್ಟರಲ್ಲಿ ಒಂದು ಸಣ್ಣ ಉದ್ಯಮ ಹುಟ್ಟಬಾರದೇಕೆ?

ಕೊನೆಯದಾಗಿ, ಗಾಡಿ ಇಟ್ಟುಕೊಂಡ ನಾವುಗಳು. ಸಾಮಾನು ತರಲು ಹೊರಟರೆ ಹಳೇದನ್ನು ಕೈಯಲ್ಲಿ ಹಿಡಿದೇ ಹೋಗಿ. ಗಾಡಿಯ ಮಾಡೆಲ್, ವರ್ಷ, ಕಾರ್ಬೊರೇಟರಿನ ಮೈಮೇಲಿನ ಗುರುತು, ಜೆಟ್ಟಿನ ನಂಬರು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡರೆ ಇನ್ನೂ ವಾಸಿ. ಜೆಟ್ಟಿಗೆ ತಂತಿ ತೂರಿಸಲು ಬಿಡಬೇಡಿ, ಗಾಳಿ ಹೊಡೆಸಿ ಶುಚಿ ಮಾಡಿಸಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ ಬಟ್ಟಲಿನ ಪೆಟ್ರೋಲು ಖಾಲಿ ಮಾಡಿಸಿ. ಮೆಕ್ಯಾನಿಕ್ ಅಣ್ಣಂದಿರಿಗೂ ಒಂದು ಮಾತು: ಗುಜರಿಗೆ ಹೋಗುವ ಗಾಡಿಯಿಂದ ಒಳ್ಳೇ ಕಾರ್ಬೊರೇಟರನ್ನು ತೆಗೆದಿಟ್ಟುಕೊಳ್ಳಿ. ಫ್ಲೋಟ್, ಸ್ಪ್ರಿಂಗ್, ಸ್ಕ್ರೂಗಳು ಇನ್ನೊಬ್ಬನ ಗಾಡಿಗೆ ಜೀವ ಕೊಡುತ್ತವೆ.

ಪಾವಗಡದಲ್ಲಿ ಸಾವಿರಾರು ಎಕರೆಯಲ್ಲಿ 2,000 ಮೆಗಾವಾಟ್‌ಗೂ ಮೀರಿದ ಸೌರ ವಿದ್ಯುತ್ ಪಾರ್ಕ್ ಎದ್ದು ನಿಂತಿದೆ. ಮುಂದೊಂದು ದಿನ ಇಲ್ಲಿನ ಬೈಕುಗಳೆಲ್ಲ ಕರೆಂಟಿನ ಮೇಲೇ ಓಡಬಹುದು. ಬರಲಿ, ಸ್ವಾಗತ. ಆದರೆ ಆ ದಿನ ಬರುವ ತನಕ ಹಾಲು ಡೇರಿಗೆ ಹೋಗಬೇಕು, ಹೂವು ಮಾರುಕಟ್ಟೆಗೆ ಹೋಗಬೇಕು, ಮಕ್ಕಳು ಶಾಲೆಗೆ ಹೋಗಬೇಕು. ಸಾವಿರಾರು ರೂಪಾಯಿಯ ಗಾಡಿ, ಅದನ್ನೇ ನಂಬಿದ ಸಂಸಾರ, ಹತ್ತು ರೂಪಾಯಿ ಸಾಮಾನಿಗೆ ಗತಿಯಿಲ್ಲದೆ ನಿಲ್ಲುವ ಈ ಸ್ಥಿತಿಯನ್ನು ಕಂಪನಿಗಳೂ ಸರ್ಕಾರವೂ ವ್ಯಾಪಾರಿಗಳೂ ಇನ್ನಾದರೂ ಗಂಭೀರವಾಗಿ ತೆಗೆದುಕೊಳ್ಳಲಿ. ತಾಲ್ಲೂಕಿಗೊಂದು ಕಡೆಯಾದರೂ ಬಿಡಿ ಜೆಟ್ ಬಿಡಿಯಾಗಿಯೇ ಸಿಗುವಂತಾಗಲಿ. ಜನ ಕೇಳುತ್ತಿರುವುದು ಸಬ್ಸಿಡಿಯಲ್ಲ, ಸಾಲ ಮನ್ನಾ ಅಲ್ಲ, ಪುಕ್ಕಟೆ ಏನೂ ಅಲ್ಲ. ದುಡ್ಡು ಕೊಟ್ಟರೂ ಸಿಗದ ವಸ್ತುವನ್ನು ದುಡ್ಡು ತಗೊಂಡು ಕೊಡಿ ಎಂದಷ್ಟೇ.